ಗೆರೆ ಅಳಿಸಿದ ಮೇಲೆ: ಫಿಲಿಪ್ ಗ್ಲಾಸ್ ಅವರ ಸಂಗೀತ

(ಮಂಗಳೂರಿನಲ್ಲಿ ಸಂಗೀತಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಕೀಬೋರ್ಡಿನಲ್ಲೂ ಮೃದಂಗದಲ್ಲೂ ನುಡಿಸಿ ತೋರಿಸಿದ್ದನ್ನು ಇಲ್ಲಿ ಅಕ್ಷರದಲ್ಲಿ ಬರೆದಿದ್ದೇನೆ. ಆ ಜಾಗ ಬಂದಾಗ ಕೈಯಲ್ಲಿ ತಟ್ಟಿಕೊಂಡೇ ಓದಿ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಚರ್ಚಿನ ಕಾಯರ್‌ನಲ್ಲಿ ಹಾಡುವವರು ಕೂತಿದ್ದಾರೆ. ಆ ಕಡೆ ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿದ್ದಾರೆ. ಯಕ್ಷಗಾನ ಮೇಳದಲ್ಲಿ ಚೆಂಡೆ, ಮದ್ದಳೆ ನುಡಿಸಿದವರೂ ಬಂದಿದ್ದಾರೆ. ಇಷ್ಟು ತರದ ಕಿವಿಗಳು ಒಂದೇ ಕೋಣೆಯಲ್ಲಿ ಸಿಗುವುದು ನಮ್ಮ ಊರಿನ ಭಾಗ್ಯ. ಇವತ್ತಿನ ವಿಷಯಕ್ಕೆ ಈ ಮೂರೂ ಕಿವಿ ಬೇಕು.

ಅಮೆರಿಕದ ಸಂಗೀತ ರಚನಕಾರ ಫಿಲಿಪ್ ಗ್ಲಾಸ್ ಅವರ ಬಗ್ಗೆ ಮಾತಾಡುತ್ತೇನೆ. ಇವರ ಸಂಗೀತದ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಹೇಳಿದ್ದನ್ನೇ ಹೇಳುತ್ತಾ ಇರುತ್ತಾರೆ ಅಂತ. ಇನ್ನೊಂದು, ನಮ್ಮವರು ಹೆಮ್ಮೆಯಿಂದ ಹೇಳುವುದು: ಅವರು ಎಲ್ಲ ಕಲಿತದ್ದು ನಮ್ಮ ಸಿತಾರ್ ವಾದಕ ರವಿಶಂಕರ್ ಹತ್ರ ಅಂತ. ಎರಡರಲ್ಲೂ ಸ್ವಲ್ಪ ನಿಜ ಇದೆ, ಆದರೆ ಅಷ್ಟಕ್ಕೇ ನಿಂತರೆ ಅವರ ಸಂಗೀತ ಕೈಗೆ ಸಿಗುವುದಿಲ್ಲ. ನನಗೆ ಕಂಡದ್ದು ಹೀಗೆ. ಗ್ಲಾಸ್ ನಮ್ಮಿಂದ ರಾಗ ತಗೊಳ್ಳಲಿಲ್ಲ. ಸಿತಾರಿನ ನಾದ ತಗೊಳ್ಳಲಿಲ್ಲ. ಲೆಕ್ಕ ತಗೊಂಡರು. ಆ ಲೆಕ್ಕದಲ್ಲೂ ಅರ್ಧ ಇಟ್ಟುಕೊಂಡು ಅರ್ಧ ಬಿಟ್ಟರು. ಆ ಬಿಟ್ಟ ಅರ್ಧದಿಂದಲೇ ಅವರದು ಅವರದೇ ಸಂಗೀತವಾಯಿತು.

ಮೊದಲು ಬದುಕಿನ ಕಥೆ ಸ್ವಲ್ಪ ಬೇಗ ಹೇಳಿಬಿಡುತ್ತೇನೆ.

ಹುಟ್ಟಿದ್ದು 1937ರ ಜನವರಿ 31ರಂದು, ಬಾಲ್ಟಿಮೋರ್‌ನಲ್ಲಿ. ಅಪ್ಪನಿಗೆ ರೇಡಿಯೋ ರಿಪೇರಿ ಮಾಡುವ, ಗ್ರಾಮಫೋನ್ ರೆಕಾರ್ಡ್ ಮಾರುವ ಅಂಗಡಿ ಇತ್ತು. ಮಾರಾಟವಾಗದೆ ಉಳಿದ ರೆಕಾರ್ಡುಗಳನ್ನು ಅವರು ಮನೆಗೆ ತರುತ್ತಿದ್ದರು. ಇದನ್ನು ಜನ ಯಾಕೆ ತಗೊಳ್ಳುವುದಿಲ್ಲ ಅಂತ ತಿಳಿಯಲು ಕೂತು ಕೇಳುತ್ತಿದ್ದರು. ಹಾಗೆ ಉಳಿಯುತ್ತಿದ್ದದ್ದು ಬಾರ್ಟೋಕ್, ಶೊಸ್ತಕೋವಿಚ್ ಇಂಥವರ ಆಧುನಿಕ ಸಂಗೀತ. ಕೇಳಿ ಕೇಳಿ ಅಪ್ಪನಿಗೆ ಅದೇ ಹಿಡಿಸಿತು. ಮಗನೂ ಅದನ್ನೇ ಕೇಳುತ್ತಾ ಬೆಳೆದ. ಯಾರೂ ಕೊಳ್ಳದ ಸಂಗೀತದಿಂದ ಕಿವಿ ತೆರೆದುಕೊಂಡ ಹುಡುಗ ಇವರು. ಮುಂದೆ ಇವರದೇ ಸಂಗೀತವನ್ನು ವರ್ಷಗಟ್ಟಲೆ ಯಾರೂ ಕೊಳ್ಳಲಿಲ್ಲ. ಆಗ ಅವರು ಕಂಗೆಡದೆ ಉಳಿದದ್ದಕ್ಕೆ ಆ ಅಂಗಡಿಯೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

15ನೇ ವಯಸ್ಸಿಗೆ ಶಿಕಾಗೋ ವಿಶ್ವವಿದ್ಯಾಲಯ ಸೇರಿದರು. ಓದಿದ್ದು ಗಣಿತ ಮತ್ತು ತತ್ವಶಾಸ್ತ್ರ. ಆಮೇಲೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು, ಹಣ ಕೂಡಿಸಿ, ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಗೆ ಹೋದರು. ಅಲ್ಲಿ ಮುಗಿಸಿ ಪಿಟ್ಸ್‌ಬರ್ಗಿನ ಶಾಲೆಗಳಲ್ಲಿ ಮಕ್ಕಳಿಗೆ ನುಡಿಸಲು ಸಂಗೀತ ಬರೆದರು. 1964ರಲ್ಲಿ ಪ್ಯಾರಿಸ್‌ಗೆ, ನಾದಿಯಾ ಬುಲಾಂಜೆ ಎಂಬ ಗುರುಗಳ ಹತ್ರ ಹೋದರು.

ಬುಲಾಂಜೆ ಆ ಕಾಲದ ದೊಡ್ಡ ಹೆಸರು. ಅಮೆರಿಕದ ಎರಡು ಮೂರು ತಲೆಮಾರಿನ ಸಂಗೀತಕಾರರು ಅವರ ಮುಂದೆ ಕೂತು ಕಲಿತವರು. ಗ್ಲಾಸ್ ಅಷ್ಟರಲ್ಲಿ ಜೂಲಿಯಾರ್ಡ್‌ನಲ್ಲಿ ಕಲಿತು, ಹತ್ತಾರು ರಚನೆ ಮಾಡಿ ಬಂದವರು. ಆದರೂ ಬುಲಾಂಜೆ ಅವರನ್ನು ಕೂರಿಸಿದ್ದು ಸರಳೆ ವರಸೆಗೇ ಅನ್ನಬೇಕು. ಒಂದು ಸ್ವರಕ್ಕೆ ಎದುರಾಗಿ ಇನ್ನೊಂದು ಸ್ವರ ಹೇಗೆ ಬರೆಯಬೇಕು ಎಂಬ ಮೊದಲ ಪಾಠದಿಂದ ಶುರು. ಇಲ್ಲಿ ಕೂತಿರುವ ಗುರುಗಳಿಗೆ ಇದರ ಬೆಲೆ ಗೊತ್ತು. ಕೈ ಗಟ್ಟಿಯಾಗದೆ ಬಿಡುವ ಗುರುವಲ್ಲ ಆಕೆ.

ಇದೇ ಪ್ಯಾರಿಸ್‌ನಲ್ಲಿ, ಇದೇ ಪಾಠದ ನಡುವೆ, ಗೆರೆಯ ಪ್ರಸಂಗ ಬರುತ್ತದೆ.

ಒಂದು ಸಿನಿಮಾಕ್ಕೆ ಪಂಡಿತ್ ರವಿಶಂಕರ್ ಸಂಗೀತ ಕೊಡುತ್ತಿದ್ದರು. ಸಿನಿಮಾದ ಹೆಸರು ಚಪಾಕ್ವಾ, 1966ರದು. ಜೊತೆಗೆ ತಬಲಾದಲ್ಲಿ ಉಸ್ತಾದ್ ಅಲ್ಲಾರಖಾ. ನುಡಿಸಬೇಕಾದವರು ಪ್ಯಾರಿಸ್‌ನ ವಾದ್ಯಗಾರರು. ಅವರಿಗೆ ಕಾಗದದಲ್ಲಿ ಬರೆದು ಕೊಡಬೇಕು. ಆ ಬರೆಯುವ ಕೆಲಸ ಗ್ಲಾಸ್ ಅವರಿಗೆ ಬಂತು. ರವಿಶಂಕರ್ ಹಾಡಿ ತೋರಿಸುತ್ತಾರೆ, ಗ್ಲಾಸ್ ಬರೆದುಕೊಳ್ಳುತ್ತಾರೆ, ವಾದ್ಯಗಾರರು ನೋಡಿ ನುಡಿಸುತ್ತಾರೆ.

ನುಡಿಸಿದಾಗಲೆಲ್ಲ ಅಲ್ಲಾರಖಾ ಅವರ ತಕರಾರು. ಪೆಟ್ಟು ತಪ್ಪಾದ ಜಾಗಕ್ಕೆ ಬೀಳುತ್ತಿದೆ. ಗ್ಲಾಸ್ ತಿದ್ದುತ್ತಾರೆ, ಮತ್ತೆ ತಪ್ಪು. ಇಲ್ಲಿ ತಿದ್ದಿದರೆ ಅಲ್ಲಿ ಎದ್ದು ಬರುತ್ತದೆ.

ಯಾಕೆ ಹಾಗಾಯಿತು? ಕಾಯರ್‌ನವರಿಗೆ ಗೊತ್ತು, ಪಾಶ್ಚಾತ್ಯ ಬರಹದಲ್ಲಿ ಸ್ವರಗಳ ಸಾಲನ್ನು ನೆಟ್ಟಗೆರೆ ಎಳೆದು ಸಮ ಸಮ ತುಂಡು ಮಾಡುತ್ತಾರೆ. ಗೆರೆ ದಾಟಿದ ತಕ್ಷಣದ ಸ್ವರಕ್ಕೆ ನುಡಿಸುವವರು ತಾವಾಗಿ ಒತ್ತು ಕೊಡುತ್ತಾರೆ. ನಮ್ಮ ಸ್ವರಪುಸ್ತಕದಲ್ಲೂ ಗೆರೆ ಉಂಟು. ಆದರೆ ಅದು ತಾಳದ ಅಂಗ ತೋರಿಸಲು ಮಾತ್ರ. ಸಾಹಿತ್ಯವೋ ಸ್ವರವೋ ಆ ಗೆರೆಯನ್ನು ಕೇಳುವುದೇ ಇಲ್ಲ, ತನ್ನ ಪಾಡಿಗೆ ದಾಟಿ ಹೋಗುತ್ತದೆ. ಪ್ಯಾರಿಸ್‌ನ ವಾದ್ಯಗಾರರು ಗೆರೆ ಸಿಕ್ಕಲ್ಲೆಲ್ಲ ಒತ್ತಿದರು. ಅಲ್ಲಾರಖಾ ಅವರ ಕಿವಿಗೆ ಅದು ಸಹಿಸಲಿಲ್ಲ.

ಕೊನೆಗೆ ಗ್ಲಾಸ್ ಎಲ್ಲ ಗೆರೆ ಅಳಿಸಿಬಿಟ್ಟರು. ಅಳಿಸಿದ ಮೇಲೆ ಕಾಗದದಲ್ಲಿ ಉಳಿದದ್ದು ಬರೀ ಸ್ವರಗಳ ಸಾಲು. ಆಗ ಅವರಿಗೆ ಕಂಡಿತು: ಇದು ಎರಡು, ಮೂರು, ಎರಡು, ಎರಡು, ಮೂರು ಅಂತ ಸಣ್ಣ ಸಣ್ಣ ಗುಂಪು ಕೂಡುತ್ತಾ ಬೆಳೆದದ್ದು. ದೊಡ್ಡದೊಂದನ್ನು ಭಾಗ ಮಾಡಿದ್ದಲ್ಲ, ಸಣ್ಣದನ್ನು ಕೂಡಿಸಿದ್ದು. ಇದನ್ನು ಗ್ಲಾಸ್ ಅವರೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅವರ ಮುಂದಿನ ಹತ್ತು ವರ್ಷದ ಕೆಲಸ ಈ ಒಂದು ನೋಟದಿಂದ ಹೊರಟಿತು.

ಮೃದಂಗ ಕಲಿಯುವ ಮಕ್ಕಳು ಇದನ್ನು ಕೇಳಿ ನಗುತ್ತಿದ್ದೀರಿ. ನಿಮಗೆ ಮೊದಲ ವರ್ಷವೇ ಎರಡಕ್ಕೆ ತಕ, ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ ಅಂತ ಕಲಿಸಿದ್ದಾರೆ, ಅಲ್ವಾ? ಆದರೆ ಯೋಚಿಸಿ. ಮೂವತ್ತರ ಹತ್ತಿರ ಬಂದ, ಕಲಿತು ಮುಗಿಸಿದ ಒಬ್ಬ ಸಂಗೀತಗಾರ ತನ್ನ ಇಡೀ ಲೆಕ್ಕದ ಅಡಿಪಾಯವನ್ನೇ ಬದಲಿಸಿಕೊಳ್ಳುವುದು ಸಣ್ಣ ಮಾತಲ್ಲ.

ಅಲ್ಲಿಂದ ಅವರು ಭಾರತಕ್ಕೆ ಬಂದರು. ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ನೆಲದ ದಾರಿಯಲ್ಲೇ ಬಂದರು. ಆಮೇಲೂ ಹಲವು ಸಲ ಬಂದರು. ಕೇರಳದ ಕಲಾಮಂಡಲದಲ್ಲಿ ಕಥಕಳಿ ನೋಡಿದರು. ಕಾಲಿಂಪಾಂಗ್‌ನಲ್ಲಿ ಗಾಂಧೀಜಿಯವರ ಉಪ್ಪಿನ ಸತ್ಯಾಗ್ರಹದ ಹಳೇ ಸುದ್ದಿಚಿತ್ರ ನೋಡಿದರು. ಅದಕ್ಕೆ ಆಮೇಲೆ ಬರುತ್ತೇನೆ. ನ್ಯೂಯಾರ್ಕಿಗೆ ಮರಳಿದ ಮೇಲೆ ಅಲ್ಲಾರಖಾ ಅವರ ಹತ್ರ ಸ್ವಲ್ಪ ಕಾಲ ಪಾಠವನ್ನೂ ಹೇಳಿಸಿಕೊಂಡರು.

1968ರಲ್ಲಿ ತಮ್ಮದೇ ಒಂದು ಸಣ್ಣ ವಾದ್ಯಗೋಷ್ಠಿ ಕಟ್ಟಿದರು. ಎಲೆಕ್ಟ್ರಿಕ್ ಆರ್ಗನ್, ಸ್ಯಾಕ್ಸೊಫೋನ್, ಕೊಳಲು, ಎಲ್ಲಕ್ಕೂ ಮೈಕು. ದೊಡ್ಡ ಸಭಾಂಗಣಗಳು ಇವರನ್ನು ಕರೆಯಲಿಲ್ಲ. ಚಿತ್ರಶಾಲೆಗಳಲ್ಲಿ, ಹಳೇ ಗೋದಾಮಿನಂಥ ಜಾಗಗಳಲ್ಲಿ ನೆಲದ ಮೇಲೆ ಕೂತ ಜನರ ಮುಂದೆ ನುಡಿಸಿದರು.

ಈಗ ಒಂದು ರಚನೆಯನ್ನು ಹತ್ತಿರದಿಂದ ನೋಡೋಣ. ಹೆಸರು ಟೂ ಪೇಜಸ್. 1968ರದು. ಇದರಲ್ಲಿ ಇರುವುದು ಐದೇ ಸ್ವರ. ನಮ್ಮ ಲೆಕ್ಕದಲ್ಲಿ ಮಂದ್ರ ಪ, ಆಮೇಲೆ ಸ ರಿ ಗ ಮ. ರಿಷಭ ಚತುಶ್ರುತಿ, ಗಾಂಧಾರ ಸಾಧಾರಣ. ಜೊತೆಗೆ ಶ್ರುತಿ ಇಲ್ಲ, ಹಿಮ್ಮೇಳ ಇಲ್ಲ. ಎಲ್ಲರೂ ಒಂದೇ ಸಾಲನ್ನು ನುಡಿಸುತ್ತಾರೆ. ಎಲ್ಲ ಸ್ವರಕ್ಕೂ ಒಂದೇ ಅಳತೆ. ವೇಗ ಜಾಸ್ತಿ, ಕೊನೆಯವರೆಗೂ ಅದೇ ವೇಗ.

ಮೊದಲು ಐದು ಸ್ವರ: ಪ ಸ ರಿ ಗ ಮ. ಇದನ್ನೇ ಬಹಳ ಸಲ ನುಡಿಸುತ್ತಾರೆ. ಆಮೇಲೆ ಐದರ ಬಾಲಕ್ಕೆ ಅದರದ್ದೇ ಮೊದಲ ನಾಲ್ಕು ಸೇರುತ್ತದೆ: ಪ ಸ ರಿ ಗ ಮ, ಪ ಸ ರಿ ಗ. ಇದನ್ನು ಮತ್ತೆ ಬಹಳ ಸಲ. ಆಮೇಲೆ ಮೂರು ಸೇರುತ್ತದೆ. ಆಮೇಲೆ ಎರಡು. ಈಗ ಕೈಯಲ್ಲಿ ಹಾಕಿ:

ತಕತಕಿಟ, ತಕದಿಮಿ, ತಕಿಟ, ತಕ.

ಐದು, ನಾಲ್ಕು, ಮೂರು, ಎರಡು. ಒಟ್ಟು ಹದಿನಾಲ್ಕು. ಇದನ್ನು ನಮ್ಮಲ್ಲಿ ಏನೆನ್ನುತ್ತಾರೆ? ಗೋಪುಚ್ಛ ಯತಿ. ಹಸುವಿನ ಬಾಲದ ಹಾಗೆ ಅಗಲದಿಂದ ಸಪೂರಕ್ಕೆ. ಮುತ್ತುಸ್ವಾಮಿ ದೀಕ್ಷಿತರು ಆನಂದಭೈರವಿಯ ಕೃತಿಯೊಂದರಲ್ಲಿ ಇದನ್ನು ಸಾಹಿತ್ಯದಲ್ಲೇ ಮಾಡಿದ್ದಾರೆ. ತ್ಯಾಗರಾಜ ಯೋಗ ವೈಭವಂ, ಅಗರಾಜ ಯೋಗ ವೈಭವಂ, ರಾಜ ಯೋಗ ವೈಭವಂ, ಯೋಗ ವೈಭವಂ, ವೈಭವಂ, ಭವಂ, ವಂ. ಅಕ್ಷರ ಉದುರುತ್ತಾ ಹೋದರೂ ಪ್ರತಿ ಸಾಲಿಗೂ ಅರ್ಥ ಇದೆ. ಇಂಥದ್ದು ಮಾಡಲು ದೀಕ್ಷಿತರೇ ಬೇಕು.

ಹಾಗಾದರೆ ಗ್ಲಾಸ್ ಮಾಡಿದ್ದು ನಮ್ಮದೇ ಯತಿಯಾ? ಇಲ್ಲ. ನಾನು ಅರ್ಧ ಬಿಟ್ಟರು ಅಂದದ್ದು ಇಲ್ಲಿಯೇ.

ನಮ್ಮಲ್ಲಿ ಯತಿ ನಡೆಯುವುದು ತಾಳದ ಮೇಲೆ. ಸ್ವರ ಎಷ್ಟು ಕುಣಿದರೂ ಕೆಳಗೆ ಕೈ ಆವರ್ತ, ಅಂದರೆ ತಾಳದ ಸುತ್ತು, ಎಣಿಸುತ್ತಾ ಇರುತ್ತದೆ. ಕೇಳುವವರ ಸುಖ ಇರುವುದು ಎಲ್ಲಿ? ಇವನು ಎಡುಪಿಗೆ, ಅಂದರೆ ಹಾಡು ಎತ್ತಿಕೊಂಡ ಜಾಗಕ್ಕೆ, ಹೇಗೆ ಬಂದು ಬೀಳುತ್ತಾನೆ ನೋಡುವ ಎಂಬ ಕಾತರದಲ್ಲಿ. ಭಾಗವತರ ಪದ್ಯದ ಕೊನೆಗೆ ಚೆಂಡೆ ಮದ್ದಳೆಯ ಬಿಡ್ತಿಗೆ ಎಂಬ ಮುಕ್ತಾಯದ ನುಡಿತ ಸರಿಯಾಗಿ ಬಂದು ಕೂತಾಗ ಇಡೀ ಸಭೆಯ ತಲೆ ಒಟ್ಟಿಗೆ ಆಡುತ್ತದಲ್ಲ, ಆ ಸುಖ. ಟೂ ಪೇಜಸ್‌ನಲ್ಲಿ ಅದು ಇಲ್ಲವೇ ಇಲ್ಲ. ಕೆಳಗೆ ತಾಳ ಇಲ್ಲ. ಬಂದು ಬೀಳಲು ಜಾಗ ಇಲ್ಲ. ಗುಂಪು ದೊಡ್ಡದಾಗುತ್ತದೆ, ಆಮೇಲೆ ಸಣ್ಣದಾಗುತ್ತದೆ, ಅಷ್ಟೇ. ಸ್ವರಗಳ ಆ ಉದ್ದ ಗಿಡ್ಡವೇ ಅಲ್ಲಿ ಕಥೆ.

ಇದು ಕೊರತೆಯಾ? ಮೊದಲು ಕೇಳುವಾಗ ನಮಗೆ ಹಾಗೇ ಅನಿಸುತ್ತದೆ. ಸ್ವಲ್ಪ ಹೊತ್ತು ತಾಳ್ಮೆಯಿಂದ ಕೂತರೆ ಕಿವಿ ಬೇರೆ ಕೆಲಸ ಶುರು ಮಾಡುತ್ತದೆ. ಕಾಯುವುದನ್ನು ಬಿಡುತ್ತದೆ. ಐದು ಇದ್ದದ್ದು ಒಂಬತ್ತಾದ ಆ ಒಂದು ಕ್ಷಣ ದೊಡ್ಡ ಘಟನೆಯಾಗುತ್ತದೆ. ಎಲ್ಲರೂ ಒಂದೇ ಸಾಲು ನುಡಿಸುತ್ತಿದ್ದರೂ ಒಮ್ಮೆ ಪಂಚಮ ಎದ್ದು ಕೇಳಿಸುತ್ತದೆ, ಒಮ್ಮೆ ಮಧ್ಯಮ. ಅದನ್ನು ಯಾರೂ ಒತ್ತಿ ನುಡಿಸಿಲ್ಲ. ನಮ್ಮ ಕಿವಿಯೇ ಹೆಕ್ಕಿದ್ದು. ಹೇಳಿದ್ದನ್ನೇ ಹೇಳುತ್ತಾರೆ ಎನ್ನುವವರಿಗೆ ನನ್ನ ಉತ್ತರ ಇದು: ಲೆಕ್ಕ ಹಾಕುತ್ತಾ ಕೇಳಿ. ಲೆಕ್ಕ ಬಿಟ್ಟು ಕೇಳಿದರೆ ಒಂದೇ ತರ ಕೇಳುವುದು ಸಹಜ.

ಈ ಕಾಲದ ಕೊನೆಯ ದೊಡ್ಡ ಕೃತಿ ಮ್ಯೂಸಿಕ್ ಇನ್ ಟ್ವೆಲ್ವ್ ಪಾರ್ಟ್ಸ್. 1971ರಿಂದ 1974ರವರೆಗೆ ಬರೆದದ್ದು. ಹನ್ನೆರಡು ಭಾಗ, ಪೂರ್ತಿ ನುಡಿಸಲು ಮೂರು ಗಂಟೆಗೂ ಮೇಲೆ ಬೇಕು. ಕೂಡಿಸುವ ಲೆಕ್ಕದಿಂದ ಏನೇನು ಮಾಡಬಹುದೋ ಅದೆಲ್ಲ ಅದರಲ್ಲಿ ಇದೆ. ಅದನ್ನು ಮುಗಿಸಿ ಅವರು ರಂಗಭೂಮಿಗೆ ಬಂದರು.

1976ರ ಜುಲೈ 25. ಫ್ರಾನ್ಸಿನ ಆವಿನ್ಯೋಂ. ಐನ್‌ಸ್ಟೈನ್ ಆನ್ ದ ಬೀಚ್ ಎಂಬ ಆಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಮೊದಲ ಪ್ರದರ್ಶನ. ಜೊತೆಗಾರ ನಿರ್ದೇಶಕ ರಾಬರ್ಟ್ ವಿಲ್ಸನ್. ಇದರಲ್ಲಿ ಕಥೆ ಇಲ್ಲ. ರೈಲು ಬರುತ್ತದೆ, ನ್ಯಾಯಾಲಯ ಬರುತ್ತದೆ, ಕೊನೆಗೆ ಅಂತರಿಕ್ಷ ನೌಕೆ ಬರುತ್ತದೆ. ಐನ್‌ಸ್ಟೈನ್ ವೇಷದವರು ಕೂತು ಪಿಟೀಲು ನುಡಿಸುತ್ತಾರೆ. ಸುಮಾರು ಐದು ಗಂಟೆ, ನಡುವೆ ವಿರಾಮವೇ ಇಲ್ಲ. ಪ್ರೇಕ್ಷಕರು ಬೇಕಾದಾಗ ಎದ್ದು ಹೋಗಬಹುದು, ಬೇಕಾದಾಗ ಬಂದು ಕೂರಬಹುದು.

ಪಶ್ಚಿಮದ ಆಪೆರಾ ಮನೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು. ನಮಗೆ ಇದರಲ್ಲಿ ಆಶ್ಚರ್ಯ ಏನು? ಬಯಲಾಟಕ್ಕೆ ಹೋದವರು ನಡುರಾತ್ರಿ ಎದ್ದು ಚಾ ಕುಡಿದು, ಚರುಮುರಿ ತಿಂದು ಬಂದು ಕೂರುತ್ತಾರೆ. ಮಕ್ಕಳು ಚಾಪೆಯಲ್ಲಿ ಮಲಗಿ, ಮಹಿಷಾಸುರ ಬರುವಾಗ ಏಳುತ್ತಾರೆ. ಆಟ ಕೆಟ್ಟಿತು ಅಂತ ಯಾರೂ ಹೇಳುವುದಿಲ್ಲ. ಆಟ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ನಾವು ಒಳಗೆ ಹೊರಗೆ ಹೋಗುತ್ತಿರುತ್ತೇವೆ. ಐದು ಗಂಟೆಯ ಐನ್‌ಸ್ಟೈನ್‌ಗೆ ಕೂರುವ ಅಭ್ಯಾಸ ಕರಾವಳಿಯವರಿಗೆ ಆಗಲೇ ಇದೆ ಎಂದು ನಾನು ನಿಜವಾಗಿಯೂ ನಂಬಿದ್ದೇನೆ.

ಆ ಆಪೆರಾ ಶುರುವಾಗುವ ರೀತಿ ನೋಡಿ. ಜನ ಒಳಗೆ ಬರುವ ಮೊದಲೇ ಆರ್ಗನ್‌ನಲ್ಲಿ ಮೂರು ಕೆಳಸ್ವರ ನಡೆಯುತ್ತಿರುತ್ತವೆ. ಮೊದಲನೆಯದು ನಾಲ್ಕು ಎಣಿಕೆ, ಎರಡನೆಯದು ಆರು, ಮೂರನೆಯದು ಎಂಟು. ಮತ್ತೆ ಮೊದಲಿನಿಂದ. ಆಮೇಲೆ ಕಾಯರ್ ಹಾಡುತ್ತದೆ. ಏನು ಹಾಡುತ್ತದೆ? ಒನ್, ಟೂ, ಥ್ರೀ, ಫೋರ್. ಒನ್, ಟೂ, ಥ್ರೀ, ಫೋರ್, ಫೈವ್, ಸಿಕ್ಸ್. ಬರೀ ಅಂಕಿ. ಬೇರೆ ಕಡೆ ದೋ, ರೆ, ಮಿ ಎಂಬ ಸ್ವರದ ಹೆಸರು.

ಇದರ ಹಿಂದಿನ ಕಥೆ ಚಂದ ಇದೆ. ತಾಲೀಮಿನಲ್ಲಿ ಗಾಯಕರಿಗೆ ನೆನಪಿಡಲು ಸುಲಭ ಆಗಲಿ ಅಂತ ಗ್ಲಾಸ್ ಅಂಕಿ ಮತ್ತು ಸ್ವರದ ಹೆಸರಿನಲ್ಲೇ ಹಾಡು ಕಲಿಸುತ್ತಿದ್ದರು. ಅದನ್ನು ಕೇಳಿದ ವಿಲ್ಸನ್, ಇದೇ ಸಾಹಿತ್ಯವಾ ಅಂತ ಕೇಳಿದರು. ಗ್ಲಾಸ್ ಹೌದು ಎಂದರು. ಅದೇ ಉಳಿಯಿತು. ಕಲ್ಪನಾಸ್ವರ, ಚಿಟ್ಟೆಸ್ವರ ಕೇಳಿ ಬೆಳೆದ ನಮಗೆ ಸ್ವರದ ಹೆಸರೇ ಹಾಡಾಗುವುದು ಹೊಸದಲ್ಲ. ಆದರೆ ತಾಳದ ಎಣಿಕೆಯೇ ಬಾಯಿಗೆ ಬಂದು, ಅದೇ ಹಾಡಾಗುವುದು? ಒಳಗೊಳಗೇ ಹಾಕುವ ಲೆಕ್ಕವನ್ನು ಅವರು ಎಲ್ಲರಿಗೂ ಕೇಳುವ ಹಾಗೆ ಹಾಡಿಸಿಬಿಟ್ಟರು. ಅವರ ಇಡೀ ಸಂಗೀತದ ಬಗ್ಗೆ ನಾನು ಹೇಳಬೇಕೆಂದಿರುವುದು ಆ ಎಣಿಕೆಯಲ್ಲೇ ಇದೆ.

ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸ್‌ನಲ್ಲಿ ಎರಡು ಪ್ರದರ್ಶನ. ಎರಡೂ ಹೌಸ್‌ಫುಲ್. ಮುಗಿದ ಮೇಲೆ ಉಳಿದದ್ದು ದೊಡ್ಡ ಸಾಲ. ಗ್ಲಾಸ್ ಮತ್ತೆ ಟ್ಯಾಕ್ಸಿ ಓಡಿಸಲು ಹೋದರು. ಹೌದು, ಅಷ್ಟು ವರ್ಷ ಅವರ ಹೊಟ್ಟೆಪಾಡು ಅದೇ. ಸಾಮಾನು ಸಾಗಿಸುವುದು, ಕೊಳಾಯಿ ಕೆಲಸ, ಟ್ಯಾಕ್ಸಿ. ಒಮ್ಮೆ ಒಬ್ಬರ ಮನೆಯಲ್ಲಿ ಪಾತ್ರೆ ತೊಳೆಯುವ ಮೆಷಿನ್ ಕೂರಿಸುತ್ತಿದ್ದರು. ಮನೆಯವರು ಟೈಮ್ ಪತ್ರಿಕೆಯ ಕಲಾ ವಿಮರ್ಶಕ ರಾಬರ್ಟ್ ಹ್ಯೂಸ್. ಅವರಿಗೆ ಗುರುತು ಸಿಕ್ಕಿತು. ನೀವು ಫಿಲಿಪ್ ಗ್ಲಾಸ್ ಅಲ್ವಾ, ಇಲ್ಲಿ ಏನು ಮಾಡುತ್ತಿದ್ದೀರಿ ಅಂತ ಗಾಬರಿಯಾದರು. ಗ್ಲಾಸ್ ಅವರಿಗೆ ಅದರಲ್ಲಿ ನಾಚಿಕೆ ಇರಲಿಲ್ಲ. ಮೆಷಿನ್ ಕೂರಿಸುತ್ತಿದ್ದೇನೆ, ಬೇಗ ಮುಗಿಯುತ್ತದೆ ಎಂದರು. 41ನೇ ವಯಸ್ಸಿನವರೆಗೂ ಹೀಗೇ ನಡೆಯಿತು. ಕೂಲಿ ಕೆಲಸ ಮಾಡಿದ್ದರಿಂದಲೇ ಅವರಿಗೆ ಸಂಗೀತದಲ್ಲಿ ಯಾರ ಮಾತೂ ಕೇಳಬೇಕಾಗಲಿಲ್ಲ. ಹಗಲು ದುಡಿದು ರಾತ್ರಿ ವೇಷ ಕಟ್ಟಿದ ಕಲಾವಿದರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ. ಅವರ ಮುಂದೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಈಗ ಸತ್ಯಾಗ್ರಹ ಎಂಬ ಆಪೆರಾ. ಕಾಲಿಂಪಾಂಗ್‌ನಲ್ಲಿ ನೋಡಿದ ಆ ಸುದ್ದಿಚಿತ್ರವೇ ಇದಕ್ಕೆ ಬೀಜ. ಗ್ಲಾಸ್ ಅವರ ಕೃತಿಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

1980ರ ಸೆಪ್ಟೆಂಬರ್ 5ರಂದು ನೆದರ್ಲೆಂಡ್ಸ್‌ನ ರೋಟರ್ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ. ವಸ್ತು, ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಕಳೆದ ವರ್ಷಗಳು. ಟಾಲ್‌ಸ್ಟಾಯ್ ಫಾರ್ಮ್, ಇಂಡಿಯನ್ ಒಪಿನಿಯನ್ ಪತ್ರಿಕೆ, ಗುರುತು ಚೀಟಿ ಸುಟ್ಟದ್ದು, 1913ರ ನ್ಯೂಕ್ಯಾಸಲ್ ನಡಿಗೆ. ಮೂರು ಅಂಕ. ಒಂದೊಂದು ಅಂಕಕ್ಕೂ ಮಾತಾಡದ ಸಾಕ್ಷಿಯಾಗಿ ಒಬ್ಬೊಬ್ಬರು: ಟಾಲ್‌ಸ್ಟಾಯ್, ರವೀಂದ್ರನಾಥ ಟಾಗೋರ್, ಮಾರ್ಟಿನ್ ಲೂಥರ್ ಕಿಂಗ್. ಗಾಂಧೀಜಿ ಯಾರಿಂದ ಕಲಿತರೋ ಅವರು, ಅವರ ಕಾಲದಲ್ಲೇ ಜೊತೆಗಿದ್ದವರು, ಗಾಂಧೀಜಿಯಿಂದ ಕಲಿತವರು.

ಹಾಡುವ ಮಾತೆಲ್ಲ ಭಗವದ್ಗೀತೆಯದು, ಮೂಲ ಸಂಸ್ಕೃತದಲ್ಲೇ. ಶ್ಲೋಕ ಆರಿಸಿ ಜೋಡಿಸಿದವರು ಕಾನ್‌ಸ್ಟೆನ್ಸ್ ಡಿಜಾಂಗ್ ಎಂಬ ಲೇಖಕಿ, ಗ್ಲಾಸ್ ಜೊತೆಗೂಡಿ. ರಂಗದಲ್ಲಿ ನಡೆಯುವುದು ಡರ್ಬನ್ನಿನ ಬೀದಿಯ ಗಲಾಟೆ, ಹಾಡುವುದು ಗೀತೆ. ಪರದೆ ಏಳುವಾಗ ಗಾಂಧಿ ಪಾತ್ರಧಾರಿ ಒಬ್ಬರೇ ಹಾಡುತ್ತಾರೆ: ಯೋತ್ಸ್ಯಮಾನಾನವೇಕ್ಷೇಽಹಂ ಯ ಏತೇಽತ್ರ ಸಮಾಗತಾಃ. ಮೊದಲ ಅಧ್ಯಾಯದ್ದು, ಯುದ್ಧಕ್ಕೆ ನಿಂತವರನ್ನು ನೋಡುತ್ತೇನೆ ಎಂದು ಅರ್ಜುನ ಹೇಳುವ ಮಾತು. ಅದು ಗಾಂಧಿಯ ಬಾಯಲ್ಲಿ ಬಂದಾಗ ಕುರುಕ್ಷೇತ್ರ ಯಾವುದು ಎಂಬುದು ಬೇರೆಯೇ ಆಗುತ್ತದೆ. ವಕೀಲಿಗೆ ಹೋದ ಒಬ್ಬ ಯುವಕ ತನ್ನ ಎದುರಿಗಿರುವವರನ್ನು ಮೊದಲ ಸಲ ಕಣ್ಣಿಟ್ಟು ನೋಡುತ್ತಿದ್ದಾನೆ. ಕೈಯಲ್ಲಿ ಗಾಂಡೀವ ಇಲ್ಲ.

ವಾದ್ಯಗಳಲ್ಲಿ ತಂತಿವಾದ್ಯ, ಕೊಳಲಿನ ಜಾತಿಯವು, ಒಂದು ಆರ್ಗನ್. ತುತ್ತೂರಿ ಇಲ್ಲ, ಚರ್ಮವಾದ್ಯ ಇಲ್ಲ. ಹೋರಾಟದ ಕಥೆಗೆ ರಣವಾದ್ಯವೇ ಇಲ್ಲ. ಇದು ಬಹಳ ಯೋಚಿಸಿ ಮಾಡಿದ ಕೆಲಸ. ಗುಂಪು ಗಾಂಧೀಜಿಯನ್ನು ಅಟ್ಟಿಸಿಕೊಂಡು ಬರುವ ದೃಶ್ಯದಲ್ಲಿ ಕಾಯರ್ ಹಾ ಹಾ ಹಾ ಅಂತ ನಗುವುದನ್ನೇ ಹಾಡುತ್ತದೆ. ಕೇಳುವಾಗ ಮೈ ಜುಂ ಎನ್ನುತ್ತದೆ. ಆಗ ಪೊಲೀಸ್ ಅಧಿಕಾರಿಯ ಹೆಂಡತಿ ಮಿಸೆಸ್ ಅಲೆಕ್ಸಾಂಡರ್ ಕೊಡೆ ಬಿಚ್ಚಿ ಅಡ್ಡ ಬಂದು ಅವರನ್ನು ಉಳಿಸುತ್ತಾರೆ. ಇದು ನಿಜವಾಗಿ ನಡೆದದ್ದು, ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಕೊನೆಯ ಹಾಡಿಗೆ ಬರೋಣ. ನಡಿಗೆ ಮುಗಿದಿದೆ. ರಾತ್ರಿ. ಗಾಂಧಿ ಒಬ್ಬರೇ. ಮೇಲೆ ಎತ್ತರದಲ್ಲಿ ಕಿಂಗ್. ಗಾಂಧಿ ಹಾಡುವುದು ನಾಲ್ಕನೇ ಅಧ್ಯಾಯದ ಶ್ಲೋಕ: ಬಹೂನಿ ಮೇ ವ್ಯತೀತಾನಿ ಜನ್ಮಾನಿ ತವ ಚಾರ್ಜುನ. ಅಲ್ಲಿಂದ ಸಂಭವಾಮಿ ಯುಗೇ ಯುಗೇ ವರೆಗೆ. ಇಲ್ಲಿ ಗೀತಾ ಕಂಠಪಾಠ ಸ್ಪರ್ಧೆಗೆ ಹೋದ ಮಕ್ಕಳಿಗೆ ಇದು ಬಾಯಿಪಾಠ.

ಧಾಟಿ ಏನು? ಒಂದು ಆರೋಹಣ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಎಂಟು ಸ್ವರ. ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ಏನು ಬಂತು? ತೋಡಿಯ ಸ್ವರಗಳು. ಹಿಂದೂಸ್ತಾನಿಯವರಿಗೆ ಭೈರವಿ. ಆದರೆ ಗಮಕ, ಅಂದರೆ ಸ್ವರದ ಓಲಾಟ, ಇಲ್ಲದೆ ತೋಡಿ ಆಗುವುದಿಲ್ಲ, ಆದ್ದರಿಂದ ಇದನ್ನು ನಮ್ಮ ರಾಗ ಎಂದು ಹೇಳಲು ನಾನು ತಯಾರಿಲ್ಲ. ಪಶ್ಚಿಮದಲ್ಲೂ ಇದು ಚರ್ಚಿನ ಹಳೇ ಸ್ವರಕ್ರಮ. ಕಾಯರ್‌ನವರು ಇದನ್ನು ಫ್ರಿಜಿಯನ್ ಎನ್ನುತ್ತಾರೆ.

ಈ ಏರಿಕೆಯನ್ನು ಗಾಂಧಿ ಮೂವತ್ತು ಸಲ ಹಾಡುತ್ತಾರೆ. ಅದೇ ಎಂಟು ಸ್ವರ. ಕೆಳಗೆ ತಂತಿವಾದ್ಯಗಳ ಆಧಾರ ಬದಲಾಗುತ್ತದೆ. ಆಧಾರ ಬದಲಾದ ಹಾಗೆ ಅದೇ ಏರಿಕೆಗೆ ಬೇರೆ ಬೇರೆ ಬಣ್ಣ ಬರುತ್ತದೆ. ಹತ್ತನೇ ಸಲಕ್ಕೆ ಹಾಡು ಮುಗಿಯಿತೇನೋ ಅನಿಸುತ್ತದೆ. ಇಪ್ಪತ್ತನೇ ಸಲಕ್ಕೆ ಮುಗಿಯುವುದು ಬೇಡ ಅನಿಸುತ್ತದೆ. ಟೂ ಪೇಜಸ್‌ನಲ್ಲಿ ಲೆಕ್ಕ ಬೆಳೆಯುತ್ತಿತ್ತು. ಇಲ್ಲಿ ಬೆಳೆಯುವ ಲೆಕ್ಕವನ್ನು ಬಿಟ್ಟು, ಬದಲಾಗದ ಒಂದನ್ನು ಹಿಡಿದಿದ್ದಾರೆ. ಯುಗ ಯುಗಕ್ಕೂ ಮತ್ತೆ ಬರುತ್ತೇನೆ ಎನ್ನುವ ಮಾತಿಗೆ ಮತ್ತೆ ಮತ್ತೆ ಏರುವ ಸ್ವರ. ಪುನರಾವರ್ತನೆಗೆ ಇದಕ್ಕಿಂತ ಒಳ್ಳೇ ಕಾರಣ ಬೇಕಾ?

ಒಂದು ಆಕ್ಷೇಪವನ್ನೂ ಹೇಳಬೇಕು. ಶ್ಲೋಕದ ಹ್ರಸ್ವ ದೀರ್ಘಗಳು ಈ ಆಪೆರಾದಲ್ಲಿ ಎಲ್ಲ ಕಡೆ ಉಳಿದಿಲ್ಲ. ಸ್ವರಕ್ಕೆ ಬೇಕಾದ ಹಾಗೆ ಅಕ್ಷರ ಎಳೆದಿದ್ದಾರೆ. ವೇದಪಾಠ, ಗೀತಾಪಾಠ ಆದವರಿಗೆ ಅಲ್ಲಲ್ಲಿ ಕಿರಿಕಿರಿಯಾಗುತ್ತದೆ, ನನಗೂ ಆಗಿದೆ. ಆದರೆ ಗೀತೆಯನ್ನು ಅಲಂಕಾರಕ್ಕೆ ಬಳಸಿದ್ದಾರೆ ಎಂಬ ಆರೋಪವನ್ನು ನಾನು ಒಪ್ಪುವುದಿಲ್ಲ. ಗಾಂಧೀಜಿ ಗೀತೆಯನ್ನು ನಡೆಯಲು ಬಳಸಿದರು. ಆ ನಡೆದದ್ದನ್ನೇ ಈ ಆಪೆರಾ ತೋರಿಸುತ್ತದೆ. ನಮ್ಮ ಪಕ್ಕದ ಅಂಕೋಲೆಯಲ್ಲಿ 1930ರಲ್ಲಿ ಉಪ್ಪು ಮಾಡಿದ ಜನರಿಗೂ ಇದೇ ದಾರಿ ಗೊತ್ತಿತ್ತು.

2011ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಅದೇ ಮೆಟ್ರೊಪಾಲಿಟನ್ ಆಪೆರಾ ಹೌಸ್‌ನಲ್ಲಿ ಆ ಸಲದ ಸತ್ಯಾಗ್ರಹದ ಕೊನೆಯ ಪ್ರದರ್ಶನ. ಆಗ ಊರಲ್ಲಿ ಬಡವ ಬಲ್ಲಿದರ ಅಂತರದ ವಿರುದ್ಧ ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿ. ಪ್ರದರ್ಶನ ಬಿಡುವ ಹೊತ್ತಿಗೆ ಹೊರಗೆ ಚಳವಳಿಯವರು ಸೇರಿದ್ದರು. ಗ್ಲಾಸ್ ಬಂದು ಅವರ ನಡುವೆ ನಿಂತರು. ಆಪೆರಾದ ಕೊನೆಯ ಶ್ಲೋಕದ ಅರ್ಥವನ್ನು ತುಂಡು ತುಂಡಾಗಿ ಹೇಳಿದರು. ಮೈಕು ಇರಲಿಲ್ಲ. ಅವರು ಹೇಳಿದ ಒಂದೊಂದು ತುಂಡನ್ನೂ ಸುತ್ತ ನಿಂತವರು ಒಟ್ಟಿಗೆ ಕೂಗಿ ಹಿಂದಿನವರಿಗೆ ದಾಟಿಸಿದರು.

ಉಳಿದದ್ದನ್ನು ಬೇಗ ಹೇಳುತ್ತೇನೆ. 1984ರಲ್ಲಿ ಈಜಿಪ್ಟಿನ ಅಖೆನಾಟೆನ್ ದೊರೆಯ ಮೇಲೆ ಆಪೆರಾ ಬಂತು. ಐನ್‌ಸ್ಟೈನ್, ಗಾಂಧಿ, ಅಖೆನಾಟೆನ್ ಮೂರೂ ಸೇರಿ ಒಂದು ತ್ರಿವಳಿ. ವಿಜ್ಞಾನ, ರಾಜಕೀಯ, ಧರ್ಮ. ಅಖೆನಾಟೆನ್‌ನಲ್ಲಿ ಪಿಟೀಲೇ ಇಲ್ಲ, ಅದರಿಂದ ವಾದ್ಯಗಳ ಬಣ್ಣ ಕಪ್ಪಾಗಿ, ಭಾರವಾಗಿ ಬಂದಿದೆ. 1987ರ ಪಿಟೀಲು ಕನ್ಸರ್ಟೊ, ಅಂದರೆ ಒಂದು ಪಿಟೀಲು ಮತ್ತು ದೊಡ್ಡ ವಾದ್ಯಗೋಷ್ಠಿಯ ಕೃತಿ, ಅಪ್ಪನ ನೆನಪಿಗೆ ಬರೆದದ್ದು. ಅಪ್ಪನಿಗೆ ಇಷ್ಟವಾಗುವ ಹಾಗೆ ಬರೆದೆ ಎಂದಿದ್ದಾರೆ. ಆ ಅಪ್ಪ, ರೆಕಾರ್ಡ್ ಅಂಗಡಿಯವರು, ಅಷ್ಟರಲ್ಲಿ ತೀರಿಹೋಗಿದ್ದರು.

ಸಿನಿಮಾಕ್ಕೆ ಬಹಳ ಬರೆದರು. ಕೊಯಾನಿಸ್ಕಾಟ್ಸಿ, ಕುಂದುನ್, ದ ಅವರ್ಸ್. ಮಾತೇ ಇಲ್ಲದ ಕೊಯಾನಿಸ್ಕಾಟ್ಸಿ ಅದ್ಭುತ. ಆದರೆ ಬರೆದದ್ದು ಜಾಸ್ತಿಯಾದಾಗ ಎಲ್ಲವೂ ಒಂದೇ ಮಟ್ಟ ಇರುವುದಿಲ್ಲ. ಕೆಲವು ಸಿನಿಮಾ ಸಂಗೀತ ಅವರ ಕೈಬರಹದ ನಕಲಿನ ಹಾಗಿದೆ. ಅದರಿಂದ ಶುರು ಮಾಡಿ ಅವರನ್ನು ಅಳೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ರವಿಶಂಕರ್ ಜೊತೆ ಮತ್ತೆ ಸೇರಿದ್ದು 1990ರಲ್ಲಿ, ಪ್ಯಾಸೇಜಸ್ ಎಂಬ ಆಲ್ಬಂನಲ್ಲಿ. ಇವರ ಧಾಟಿಯ ಮೇಲೆ ಅವರು, ಅವರ ಧಾಟಿಯ ಮೇಲೆ ಇವರು ಕಟ್ಟಿದ್ದಾರೆ. ಒಂದರ ಹೆಸರೇ ಸಧನಿಪ. ಪ್ಯಾರಿಸ್‌ನಲ್ಲಿ ಬರೆದುಕೊಡುವ ಹುಡುಗನಾಗಿ ಹೋದವರು ಇಪ್ಪತ್ತೈದು ವರ್ಷದ ಹತ್ತಿರ ಆದ ಮೇಲೆ ಸಮಸಮ ಕೂತು ಕೆಲಸ ಮಾಡಿದರು. 2006ರಲ್ಲಿ ರಾಮಕೃಷ್ಣ ಪರಮಹಂಸರ ಕೊನೆಯ ದಿನಗಳ ಮೇಲೂ ಒಂದು ದೊಡ್ಡ ಕಾಯರ್ ಕೃತಿ ಬರೆದಿದ್ದಾರೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದೆರಡನ್ನು ಇಲ್ಲಿ ಬರೆಯುತ್ತೇನೆ.

ಮದ್ದಳೆಯವರೊಬ್ಬರು ಕೇಳಿದರು: ತಾಳ ಇಲ್ಲದೆ ಅಷ್ಟು ಜನ ಒಟ್ಟಿಗೆ ಹೇಗೆ ನುಡಿಸುತ್ತಾರೆ? ಒಂದೇ ಗುಂಪನ್ನು ಬಹಳ ಸಲ ನುಡಿಸಿ ಮುಂದಿನದಕ್ಕೆ ದಾಟುವುದು ಯಾವಾಗ ಅಂತ ಹೇಗೆ ಗೊತ್ತಾಗುತ್ತದೆ? ಒಳ್ಳೇ ಪ್ರಶ್ನೆ. ಗ್ಲಾಸ್ ಕೀಬೋರ್ಡಿನ ಮುಂದೆ ಕೂತು, ತಲೆ ಆಡಿಸಿ ಸನ್ನೆ ಕೊಡುತ್ತಿದ್ದರು. ತಲೆ ಕೆಳಗೆ ಬಂದರೆ ಮುಂದಿನ ಗುಂಪು. ಭಾಗವತರ ಜಾಗಟೆಯನ್ನೋ ಕಣ್ಣನ್ನೋ ನೋಡಿ ನುಡಿಸುವವರಿಗೆ ಇದು ಕಷ್ಟವಲ್ಲ ಎಂದೆ. ಅವರು ಹೌದು ಎಂದರು, ಆದರೆ ನಮಗೆ ಪದ್ಯ ಗೊತ್ತಿರುತ್ತದೆ ಎಂದರು. ಅದೂ ನಿಜ.

ಪಿಯಾನೋ ಕಲಿಯುವ ಹುಡುಗಿಯೊಬ್ಬಳು ಕೇಳಿದಳು: ಸರ್, ನಾನು ಯಾವುದರಿಂದ ಶುರು ಮಾಡಲಿ? ಅವರ ಪಿಯಾನೋ ಎಟ್ಯೂಡ್‌ಗಳು, ಅಂದರೆ ಅಭ್ಯಾಸದ ರಚನೆಗಳು, ಇಪ್ಪತ್ತಿವೆ. 1991ರಿಂದ 2012ರವರೆಗೆ ಬರೆದದ್ದು. ಮೊದಲ ಹತ್ತನ್ನು ತಮ್ಮ ಕೈ ಸುಧಾರಿಸಿಕೊಳ್ಳಲಿಕ್ಕೇ ಬರೆದೆ ಎಂದಿದ್ದಾರೆ. ಎರಡನೆಯದು ನಿಧಾನದ್ದು, ಚಂದ ಇದೆ. ಆದರೆ ನಾನಾದರೆ 1982ರ ಗ್ಲಾಸ್‌ವರ್ಕ್ಸ್‌ನ ಮೊದಲ ಭಾಗ, ಓಪನಿಂಗ್ ಎಂಬುದನ್ನು ಕೊಡುತ್ತೇನೆ. ಒಂದು ಕೈಯಲ್ಲಿ ಮೂರು, ಇನ್ನೊಂದು ಕೈಯಲ್ಲಿ ಎರಡು, ಎರಡೂ ಒಂದೇ ಅಳತೆಯೊಳಗೆ. ನೋಡಲು ಸುಲಭ. ಕೂತಾಗ ಗೊತ್ತಾಗುತ್ತದೆ, ಎಡಗೈ ಬಲಗೈಯನ್ನು ಎಳೆದುಕೊಂಡು ಹೋಗುತ್ತದೆ. ಮೊದಲು ಪಿಯಾನೋ ಬೇಡ. ಮೇಜಿನ ಮೇಲೆ ಒಂದು ಕೈಯಲ್ಲಿ ತಕಿಟ, ಇನ್ನೊಂದರಲ್ಲಿ ತಕ ತಟ್ಟಿ. ಪಕ್ಕದಲ್ಲೇ ಕೂತಿದ್ದ ಮೃದಂಗದ ಹುಡುಗ ತಟ್ಟಿ ತೋರಿಸಿದ. ಅವಳು ಅವನ ಕೈ ನೋಡಿ ಮಾಡಿದಳು, ನಾಲ್ಕೈದು ಸಲ ತಪ್ಪಿತು, ಆಮೇಲೆ ಕೂತಿತು. ಈಗ ಅದೇ ಎರಡು ಕೈಯನ್ನು ಕೀಲಿಗಳ ಮೇಲೆ ಇಡು, ನಿಧಾನಕ್ಕೆ ನುಡಿಸು, ವೇಗ ತಾನಾಗಿ ಬರುತ್ತದೆ ಎಂದೆ.